ಹತ್ತಕ್ಕೆ ಉತ್ತರವಾಗಿ ಒಂದು ಗೋಲು

ನಂದಿಬೆಟ್ಟದ ಸೀಮೆಯ ಚಿಕ್ಕಬಳ್ಳಾಪುರ, ಗೌರಿಬಿದನೂರು, ಶಿಡ್ಲಘಟ್ಟ, ಚಿಂತಾಮಣಿಗಳಲ್ಲಿ ಸಂಜೆಯ ಹೊತ್ತು ಶಾಲೆಯ ಬಯಲಿನ ಪಕ್ಕದಲ್ಲಿ ಹಾದುಹೋಗುವವರಿಗೆ ಒಂದು ನೋಟ ಹೊಸದಲ್ಲ. ಹುಡುಗರ ಗುಂಪೊಂದು ಚೆಂಡಿನ ಹಿಂದೆ ಧೂಳೆಬ್ಬಿಸಿಕೊಂಡು ಓಡುತ್ತಿರುತ್ತದೆ. ಕಳಚಿಟ್ಟ ಎರಡು ಜೊತೆ ಚಪ್ಪಲಿಗಳೇ ಗೋಲಿನ ಕಂಬಗಳು. ಚಪ್ಪಲಿ ಕಂಬವಾದ ಮೇಲೆ ಕಾಲಿಗೆ ಉಳಿಯುವುದು ಬರಿಯ ನೆಲ ತಾನೆ? ಹೀಗೆ ಬರಿಗಾಲಿನಲ್ಲಿ ಚೆಂಡನ್ನು ಒದೆಯುತ್ತ ಬೆಳೆದ ಬೆಂಗಳೂರಿನ ತರುಣನೊಬ್ಬ ಆ ಆಟವನ್ನೇ ಹೊತ್ತು ಕಲ್ಕತ್ತೆಗೆ ಹೋದನು, ಲಂಡನ್ನಿಗೆ ಹೋದನು, ಉತ್ತರದ ಹೆಲ್ಸಿಂಕಿಗೂ ಹೋದನು. ಅಲ್ಲಿ ಪ್ರಪಂಚದ ಪ್ರಬಲ ತಂಡಗಳಲ್ಲೊಂದು ತನ್ನವರ ಮೇಲೆ ಹತ್ತು ಗೋಲುಗಳನ್ನು ಹೇರಿ ನಿಂತಿದ್ದಾಗ, ಪಂದ್ಯ ಮುಗಿಯಲು ಒಂದೇ ನಿಮಿಷ ಉಳಿದಿದ್ದಾಗ, ಮರಳಿ ಒಂದು ಗೋಲನ್ನು ಹೊಡೆದನು. ಆ ತರುಣನೇ ಅಹಮದ್ ಖಾನ್.

ಭಾರತದ ಕಾಲ್ಚೆಂಡಾಟದ ಚರಿತ್ರೆಯಲ್ಲಿ ಆ ಸೋಲಿಗೆ ಇರುವಷ್ಟು ಅಪಕೀರ್ತಿ ಬೇರೆ ಸೋಲಿಗಿಲ್ಲ. ಹತ್ತಕ್ಕೆ ಒಂದು ಎಂಬ ಅಂಕಿಯನ್ನು ಬಲ್ಲವರು ಅನೇಕರು. ಆ ‘ಒಂದು’ ಯಾರ ಕಾಲಿನಿಂದ ಬಂದಿತೆಂಬುದನ್ನು ಬಲ್ಲವರು, ಅವರು ಹುಟ್ಟಿದ ನಗರದಲ್ಲಿಯೂ ವಿರಳ.

ದಂಡಿನ ಮೈದಾನಗಳು

ಅಹಮದ್ ಖಾನ್ ಹುಟ್ಟಿದ್ದು 1926ರ ಡಿಸೆಂಬರ್ 24ರಂದು, ಬೆಂಗಳೂರಿನಲ್ಲಿ. ಆಗ ಬೆಂಗಳೂರು ಒಂದೇ ಊರಾಗಿರಲಿಲ್ಲ. ಪೇಟೆಯ ಭಾಗ ಮೈಸೂರು ಮಹಾರಾಜರ ಆಡಳಿತದಲ್ಲಿದ್ದಿತು. ದಂಡಿನ ಭಾಗ ಬ್ರಿಟಿಷ್ ರೆಸಿಡೆಂಟರ ಕೈಯಲ್ಲಿದ್ದಿತು. ಆ ಪ್ರದೇಶ ಮೈಸೂರಿಗೆ ಮರಳಿದ್ದು 1947ರ ಜುಲೈ ತಿಂಗಳಿನಲ್ಲಿ, ಸ್ವಾತಂತ್ರ್ಯಕ್ಕೆ ಕೆಲವೇ ದಿನಗಳ ಮುಂಚೆ. 1809ರಿಂದ ಅಲ್ಲಿ ಬೀಡುಬಿಟ್ಟ ಪಟಾಲಮುಗಳ ಸೋಜರರು ತಮ್ಮ ಬಿಡುವಿಗೆಂದು ತಂದುಕೊಂಡ ಆಟಗಳಲ್ಲಿ ಕಾಲ್ಚೆಂಡು ಒಂದು. ಹಲಸೂರು, ಮರ್ಫಿ ಟೌನ್, ಆಸ್ಟಿನ್ ಟೌನ್, ಗೌತಮಪುರಗಳ ಹುಡುಗರು ಬೇಲಿಯಾಚೆ ನಿಂತು ಅದನ್ನು ನೋಡಿದರು, ನೋಡಿ ಕಲಿತರು, ಕಲಿತು ಸೋಜರರನ್ನೇ ಸೋಲಿಸತೊಡಗಿದರು. ಇಂದಿಗೂ ಬೆಂಗಳೂರಿನಲ್ಲಿ ಕಾಲ್ಚೆಂಡಿನ ಮೇಲೆ ನಿಜವಾದ ಪ್ರೀತಿ ಇರುವುದು ಈ ಬೀದಿಗಳಲ್ಲಿಯೇ. ಗೌತಮಪುರದಲ್ಲಿ ಬ್ರೆಜಿಲಿನ ಪೆಲೆಯ ಪ್ರತಿಮೆಯನ್ನು ನಿಲ್ಲಿಸಿರುವುದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅಹಮದರ ಮನೆತನವೇ ಆಟದ ಮನೆತನ. ತಂದೆ ಬೆಂಗಳೂರು ಕ್ರೆಸೆಂಟ್ಸ್ ಕ್ಲಬ್ಬಿನ ಆಟಗಾರರು. ಸೋದರರೂ ಚೆಂಡಿನ ಹಿಂದೆಯೇ ಬೆಳೆದವರು. ಅಹಮದರೂ ಮೊದಲು ಕ್ರೆಸೆಂಟ್ಸ್ ತಂಡದಲ್ಲಿ ಆಡಿ, ಬಳಿಕ ಬೆಂಗಳೂರು ಮುಸ್ಲಿಮ್ಸ್ ತಂಡವನ್ನು ಸೇರಿದರು. ಅದು ಸಾಮಾನ್ಯ ತಂಡವಲ್ಲ. ಮುಂಬಯಿಯ ರೋವರ್ಸ್ ಕಪ್ಪು ಹುಟ್ಟಿದಂದಿನಿಂದ ದಂಡಿನ ಗೋರಾ ತಂಡಗಳ ಸೊತ್ತಾಗಿದ್ದಿತು. 1937ರಲ್ಲಿ ಅದನ್ನು ಮೊಟ್ಟಮೊದಲು ಗೆದ್ದ ಭಾರತೀಯ ತಂಡ ಈ ಬೆಂಗಳೂರು ಮುಸ್ಲಿಮ್ಸ್. ಮರುವರ್ಷವೂ ಗೆದ್ದಿತು. ಹತ್ತು ವರ್ಷಗಳ ತರುವಾಯ, 1948ರಲ್ಲಿ, ಮೂರನೆಯ ಸಲ ಗೆದ್ದಿತು. ಈ ನಡುವೆ 1946-47ರಲ್ಲಿ ಮೈಸೂರು ತಂಡ ಬಂಗಾಳವನ್ನು ಮಣಿಸಿ ಸಂತೋಷ್ ಟ್ರೋಫಿಯನ್ನು ತನ್ನದಾಗಿಸಿಕೊಂಡಿದ್ದಿತು. ಆ ದಿನಗಳಲ್ಲಿ ದೇಶದ ಕಾಲ್ಚೆಂಡಿನ ಭೂಪಟದಲ್ಲಿ ಕಲ್ಕತ್ತೆಯ ಎದುರು ನಿಲ್ಲಬಲ್ಲ ಊರುಗಳ ಸಾಲಿನಲ್ಲಿ ಬೆಂಗಳೂರಿನ ಹೆಸರು ಮುಂದಿದ್ದಿತೆಂದರೆ ಅತಿಶಯೋಕ್ತಿಯಲ್ಲ.

ಹಾಗಾದರೆ ಬೂಟೇಕೆ ತೊಡಲಿಲ್ಲ? ಬಡತನವೊಂದೇ ಕಾರಣವೆಂದು ಭಾವಿಸುವುದು ಸರಿಯಲ್ಲ. ಬೂಟು ದುಬಾರಿಯಾಗಿದ್ದಿತು, ನಿಜ. ಆದರೆ ಬರಿಗಾಲಿನ ಆಟಕ್ಕೆ ಅದರದೇ ಆದ ಒಂದು ವಿದ್ಯೆ ಬೆಳೆದಿದ್ದಿತು. ಚೆಂಡು ಕಾಲಿಗೆ ತಗಲಿದ ಕ್ಷಣವೇ ಅದರ ಉರುಳು, ಅದರ ತಿರುವು ಬೆರಳುಗಳಿಗೆ ತಿಳಿಯುತ್ತದೆ. ಅಂಗಾಲಿನಿಂದ ಚೆಂಡನ್ನು ಎಳೆದುಕೊಳ್ಳಬಹುದು. ಹೆಬ್ಬೆರಳಿನ ಬುಡದಿಂದ ಅದಕ್ಕೆ ಸಣ್ಣ ತಿವಿತ ಕೊಡಬಹುದು. ಒಣ ನೆಲದಲ್ಲಿ ಈ ವಿದ್ಯೆಗೆ ಎದುರಿಲ್ಲ. ಅದರ ಬಲಹೀನತೆ ಮಳೆಯಲ್ಲಿ ಹೊರಬೀಳುತ್ತದೆ. ನೆಲ ಕೆಸರಾಯಿತೆಂದರೆ ಬೂಟಿನ ಅಡಿಯ ಗುಬಟುಗಳು ಮಣ್ಣನ್ನು ಕಚ್ಚಿ ಹಿಡಿಯುತ್ತವೆ, ಬರಿಗಾಲು ಜಾರುತ್ತದೆ. 1934ರಿಂದ 1938ರವರೆಗೆ ಐದು ವರ್ಷ ಎಡೆಬಿಡದೆ ಕಲ್ಕತ್ತೆಯ ಲೀಗನ್ನು ಗೆದ್ದ ಮೊಹಮ್ಮಡನ್ ಸ್ಪೋರ್ಟಿಂಗ್ ತಂಡ, ಮಳೆಗಾಲದಲ್ಲಿ ತನ್ನ ಆಟಗಾರರಿಗೆ ಬೂಟು ತೊಡಿಸಿ ಈ ಗುಟ್ಟನ್ನು ಬಯಲಿಗಿಟ್ಟಿದ್ದಿತು. ಆದರೂ ಮಿಕ್ಕವರು ಹಳೆಯ ಅಭ್ಯಾಸವನ್ನು ಬಿಡಲಿಲ್ಲ. ಬಿಡಲು ಹೆಲ್ಸಿಂಕಿಯೇ ಬರಬೇಕಾಯಿತು.

ಲಂಡನ್ನಿನ ಎಂಬತ್ತೊಂಬತ್ತನೆಯ ನಿಮಿಷ

ಸ್ವತಂತ್ರ ಭಾರತ ತನ್ನ ಹೆಸರಿನಲ್ಲಿ ಮೊದಲ ಬಾರಿಗೆ ಒಲಿಂಪಿಕ್ಸಿನ ಕಾಲ್ಚೆಂಡಿನ ಕಣಕ್ಕಿಳಿದದ್ದು 1948ರಲ್ಲಿ. ನಾಯಕರು ನಾಗಾ ಬೆಟ್ಟಗಳ ವೈದ್ಯ ತಾಲಿಮೆರೆನ್ ಆವ್. ತಂಡದಲ್ಲಿ ಮೈಸೂರಿನ ಆಟಗಾರರಿಗೆ ಕೊರತೆಯಿರಲಿಲ್ಲ. ಇಪ್ಪತ್ತೊಂದು ವರ್ಷದ ಅಹಮದ್ ಖಾನ್, ಸಾರಂಗಪಾಣಿ ರಾಮನ್, ಬಷೀರ್ ಅವರಲ್ಲಿ ಕೆಲವರು. ಜುಲೈ 31ರಂದು ಲಂಡನ್ನಿನ ಹೊರವಲಯದ ಇಲ್ಫರ್ಡಿನಲ್ಲಿ ಫ್ರಾನ್ಸ್ ತಂಡದೊಡನೆ ಪಂದ್ಯ. ಭಾರತದ ಬಹುಪಾಲು ಆಟಗಾರರು ಬರಿಗಾಲಿನಲ್ಲಿಯೇ ಮೈದಾನಕ್ಕಿಳಿದರು. ಇಂಗ್ಲೆಂಡಿನ ಪ್ರೇಕ್ಷಕರು ಬೆರಗಾಗಿ ನೋಡಿದರು.

ಮೊದಲು ಫ್ರಾನ್ಸ್ ಒಂದು ಗೋಲು ಹೊಡೆಯಿತು. 70ನೆಯ ನಿಮಿಷದಲ್ಲಿ ರಾಮನ್ ಅದನ್ನು ಸರಿಗಟ್ಟಿದರು. ಸ್ವತಂತ್ರ ಭಾರತದ ಪರವಾಗಿ ಒಲಿಂಪಿಕ್ಸಿನಲ್ಲಿ ಬಂದ ಮೊದಲ ಗೋಲು ಅದು, ಮೈಸೂರಿನವರ ಕಾಲಿನಿಂದ. ಭಾರತಕ್ಕೆ ಎರಡು ಪೆನಾಲ್ಟಿಗಳು ದೊರೆತವು. ಎರಡೂ ವ್ಯರ್ಥವಾದವು. ಪಂದ್ಯ ಇನ್ನೇನು ಸಮನಾಗಿ ಮುಗಿಯುವುದೆನ್ನುವಾಗ, 89ನೆಯ ನಿಮಿಷದಲ್ಲಿ, ಫ್ರಾನ್ಸ್ ಇನ್ನೊಂದು ಗೋಲು ಹೊಡೆದು ಗೆದ್ದಿತು. ಸೋತವರಿಗೇ ಹೆಚ್ಚು ಚಪ್ಪಾಳೆ ಬಿದ್ದಿತೆಂದು ಹೇಳುತ್ತಾರೆ. ಬೂಟು ತೊಡದಿದ್ದುದೇಕೆಂದು ಕೇಳಿದ ಪತ್ರಿಕೆಯವರಿಗೆ ಆವ್ ಅವರು, ನಾವಾಡುವುದು ಕಾಲಿನ ಆಟ, ನೀವಾಡುವುದು ಬೂಟಿನ ಆಟ ಎಂಬರ್ಥದ ಉತ್ತರ ಕೊಟ್ಟರೆಂಬ ಮಾತು ಇಂದಿಗೂ ಬಾಯಿಂದ ಬಾಯಿಗೆ ಹರಿದುಬರುತ್ತಿದೆ. ಅರಸರು ಆಟಗಾರನೊಬ್ಬನ ಕಾಲನ್ನು ಮುಟ್ಟಿ, ಇದೇನು ಉಕ್ಕಿನದೋ ಎಂದು ಪರೀಕ್ಷಿಸಿದರೆಂಬ ಕಥೆಯೂ ಇದೆ. ಕಥೆಗಳನ್ನು ಕಥೆಗಳ ಜಾಗದಲ್ಲಿಟ್ಟು ನೋಡಿದರೂ, ಅದೇ ಪ್ರವಾಸದಲ್ಲಿ ಈ ತಂಡ ಹಾಲೆಂಡಿಗೆ ಹೋಗಿ ಆಂಸ್ಟರ್‌ಡಾಮಿನ ಆಯಾಕ್ಸ್ ತಂಡವನ್ನು 5-1ರಿಂದ ಸೋಲಿಸಿತು. ಮುಂದೆ ಯುರೋಪಿನ ಕಿರೀಟವನ್ನೇ ಧರಿಸಿದ ಕ್ಲಬ್ಬು ಅದು.

ಪಂಚಪಾಂಡವರು

ಲಂಡನ್ನಿನಿಂದ ಮರಳಿದ ಮೇಲೆ, 1949ರಲ್ಲಿ, ಅಹಮದರು ಕಲ್ಕತ್ತೆಯ ಈಸ್ಟ್ ಬೆಂಗಾಲ್ ಕ್ಲಬ್ಬನ್ನು ಸೇರಿದರು. ಹತ್ತು ವರ್ಷಗಳ ಕಾಲ ಅಲ್ಲಿಯೇ ನಿಂತರು.

ಬೆಂಗಳೂರಿನಿಂದ ಕಲ್ಕತ್ತೆಗೆ ಆಟಗಾರರು ಹೋಗುವುದು ಹೊಸತೇನಾಗಿರಲಿಲ್ಲ. ಮೂವತ್ತರ ದಶಕದಲ್ಲಿಯೇ ಲಕ್ಷ್ಮೀನಾರಾಯಣ, ಮುರುಗೇಶ್ ಮೊದಲಾದವರು ಅದೇ ಕ್ಲಬ್ಬಿನ ಕೆಂಪು-ಹಳದಿ ಅಂಗಿಯನ್ನು ತೊಟ್ಟು ಆಡಿದ್ದರು. ಇದರ ಹಿಂದಿನ ಸಂಕಟವನ್ನು ಇಲ್ಲಿ ಮುಚ್ಚಿಡುವಂತಿಲ್ಲ. ಬೆಂಗಳೂರು ಆಟಗಾರರನ್ನು ಹೆರುತ್ತಿದ್ದಿತು. ಸಾಕುವ ಶಕ್ತಿ ಅದಕ್ಕಿರಲಿಲ್ಲ. ಕಲ್ಕತ್ತೆಯಲ್ಲಿ ಲೀಗ್ ಪಂದ್ಯಕ್ಕೆ ಸಾವಿರಾರು ಜನ ಟಿಕೀಟು ಕೊಂಡು ಬರುತ್ತಿದ್ದರು, ಪತ್ರಿಕೆಗಳು ಪುಟಗಟ್ಟಲೆ ಬರೆಯುತ್ತಿದ್ದವು, ಒಳ್ಳೆಯ ಆಟಗಾರನಿಗೆ ಯಾವುದಾದರೂ ಕಚೇರಿಯಲ್ಲಿ ಒಂದು ಕುರ್ಚಿ ಸಿಗುತ್ತಿದ್ದಿತು. ಆಗ ಎಲ್ಲರೂ ಹೆಸರಿಗೆ ಹವ್ಯಾಸಿಗಳೇ. ಕಾಲಿನ ವಿದ್ಯೆಯಿಂದ ಹೊಟ್ಟೆ ಹೊರೆಯಬೇಕೆಂದರೆ ಮನೆ, ಭಾಷೆ, ಅನ್ನದ ರುಚಿ ಎಲ್ಲವನ್ನೂ ಬಿಟ್ಟು ಹೌರಾ ಮೇಲ್ ಹತ್ತುವುದೇ ದಾರಿಯಾಗಿದ್ದಿತು.

ಈಸ್ಟ್ ಬೆಂಗಾಲ್ ಕ್ಲಬ್ಬಿನ ಕಾರ್ಯದರ್ಶಿ ಜ್ಯೋತಿಷ್ ಚಂದ್ರ ಗುಹ ಅವರು ಆಟಗಾರರನ್ನು ಗುರುತಿಸುವುದರಲ್ಲಿ ರತ್ನಪಡಿವ್ಯಾಪಾರಿಯಂಥವರು. ಅಂದಿನ ಆಟದ ಕ್ರಮದಲ್ಲಿ ಮುಂಪಡೆಗೆ ಐವರು: ಎರಡು ಅಂಚಿನಲ್ಲಿ ಇಬ್ಬರು, ನಟ್ಟನಡುವೆ ಒಬ್ಬ, ಅವನ ಎಡಬಲಗಳಲ್ಲಿ ಒಳಗಿನ ಇಬ್ಬರು. ಗುಹ ಅವರು ಈ ಐದು ಸ್ಥಾನಗಳಿಗೂ ದಕ್ಷಿಣದವರನ್ನೇ ತಂದು ಕೂರಿಸಿದರು. ವೆಂಕಟೇಶ್, ಅಪ್ಪಾರಾವ್, ಧನರಾಜ್, ಅಹಮದ್ ಖಾನ್, ಸಾಲೆ. ಬಂಗಾಳದ ಜನ ಇವರಿಗಿಟ್ಟ ಹೆಸರು ‘ಪಂಚಪಾಂಡವರು’. ಅಪ್ಪಾರಾಯರು ಆಂಧ್ರದವರು, ಸಾಲೆ ಕೇರಳದವರು, ಅಹಮದರು ಬೆಂಗಳೂರಿನವರು. ದೇಶ ವಿಭಜನೆಯ ಗಾಯ ಇನ್ನೂ ಹಸಿಯಾಗಿದ್ದ ಕಲ್ಕತ್ತೆಯದು. ಪೂರ್ವಬಂಗಾಳದಿಂದ ಮನೆಮಠ ಕಳೆದುಕೊಂಡು ಬಂದ ಲಕ್ಷಾಂತರ ಹಿಂದೂ ನಿರಾಶ್ರಿತರಿಗೆ ಈಸ್ಟ್ ಬೆಂಗಾಲ್ ತಮ್ಮದೇ ಕ್ಲಬ್ಬು. ಅದು ಗೆದ್ದ ದಿನ ಅವರ ಗುಡಿಸಲುಗಳಲ್ಲಿ ಹಬ್ಬ. ಆ ಹಬ್ಬವನ್ನು ತಂದವರಲ್ಲಿ ಬೆಂಗಳೂರು ದಂಡಿನ ಮುಸಲ್ಮಾನ ತರುಣನೊಬ್ಬನಿದ್ದನು, ಮತ್ತು ಅವನನ್ನು ಅವರು ಪಾಂಡವರಲ್ಲೊಬ್ಬನೆಂದು ಕರೆದರು. ಇದನ್ನು ಕಾಲ್ಚೆಂಡಿನ ಸುದ್ದಿಯೆಂದಷ್ಟೇ ಓದಿ ಮುಂದೆ ಹೋಗುವುದು ಕಷ್ಟ.

ಅಹಮದರ ಸ್ಥಾನ ಒಳ-ಎಡ. ಗೋಲು ಹೊಡೆಯುವುದಕ್ಕಿಂತ ಹೊಡೆಸುವುದು ಆ ಸ್ಥಾನದವನ ಹೆಚ್ಚಿನ ಹೊಣೆ. ಚೆಂಡು ಅವರ ಕಾಲಿಗೆ ಬಂದರೆ ಅಂಟಿಕೊಂಡಂತೆ ನಿಲ್ಲುತ್ತಿದ್ದಿತು. ಎದುರಾಳಿ ಮುಂದೆ ಬಂದಷ್ಟೂ ಅದನ್ನು ಇತ್ತ ತೋರಿಸಿ ಅತ್ತ ಒಯ್ಯುವರು. ಎದುರಾಳಿ ಅತ್ತ ವಾಲಿದಾಗ ಚೆಂಡು ಮತ್ತೆ ಇತ್ತ. ಹೀಗೆ ಕಾವಲುಗಾರರನ್ನು ಆಡಿಸುತ್ತಿದ್ದುದರಿಂದಲೇ ಅವರಿಗೆ ‘ಹಾವಾಡಿಗ’ನೆಂಬ ಬಿರುದು ಬಂದಿತು. 1949ರಲ್ಲಿ ಈಸ್ಟ್ ಬೆಂಗಾಲ್ ಕಲ್ಕತ್ತೆಯ ಲೀಗು, ಐ.ಎಫ್.ಎ. ಶೀಲ್ಡು, ರೋವರ್ಸ್ ಕಪ್ಪು ಮೂರನ್ನೂ ಗೆದ್ದಿತು. ಶೀಲ್ಡನ್ನು 1950 ಮತ್ತು 1951ರಲ್ಲಿಯೂ ಬಿಟ್ಟುಕೊಡಲಿಲ್ಲ. ಸತತವಾಗಿ ಮೂರು ವರ್ಷ ಅದನ್ನು ಗೆದ್ದ ಮೊದಲ ಭಾರತೀಯ ತಂಡವದು. ಡ್ಯುರಾಂಡ್ ಕಪ್ಪು 1951 ಮತ್ತು 1952ರಲ್ಲಿ ಬಂದಿತು.

ಇದೇ ಕಾಲದಲ್ಲಿ ಭಾರತದ ತಂಡಕ್ಕೆ ಬ್ರೆಜಿಲಿನ ಬಾಗಿಲು ತೆರೆದು ಮುಚ್ಚಿತು. 1950ರ ವಿಶ್ವಕಪ್ಪಿಗೆ ಭಾರತದ ಗುಂಪಿನ ಇತರ ದೇಶಗಳು ಹಿಂದೆ ಸರಿದುದರಿಂದ, ಒಂದು ಪಂದ್ಯವನ್ನೂ ಆಡದೆ ಭಾರತಕ್ಕೆ ಅರ್ಹತೆ ದೊರೆಯಿತು. ಸ್ವೀಡನ್, ಇಟಲಿ, ಪರಾಗ್ವೆಗಳಿದ್ದ ಗುಂಪಿನಲ್ಲಿ ಸ್ಥಾನವೂ ನಿಗದಿಯಾಯಿತು. ಆದರೆ ತಂಡ ಹೋಗಲಿಲ್ಲ. ಬರಿಗಾಲಿನಲ್ಲಿ ಆಡಲು ಬಿಡಲಿಲ್ಲವಾದ್ದರಿಂದ ಹೋಗಲಿಲ್ಲವೆಂಬ ಮಾತು ಬಹಳ ಕಾಲ ಚಲಾವಣೆಯಲ್ಲಿದ್ದಿತು. ಅದು ಕಟ್ಟುಕಥೆ. ಆಯ್ಕೆಯ ಬಗೆಗಿನ ಭಿನ್ನಾಭಿಪ್ರಾಯ, ಅಭ್ಯಾಸಕ್ಕೆ ಸಾಲದ ಕಾಲ, ಒಲಿಂಪಿಕ್ಸಿನ ಮುಂದೆ ವಿಶ್ವಕಪ್ಪು ಅಷ್ಟೇನೂ ದೊಡ್ಡದಲ್ಲವೆಂಬ ಅಂದಿನ ಧುರೀಣರ ತಿಳಿವಳಿಕೆ ಇವೇ ನಿಜವಾದ ಕಾರಣಗಳು. ಅಹಮದರಂಥ ಆಟಗಾರ ತನ್ನ ಇಪ್ಪತ್ತಮೂರನೆಯ ವಯಸ್ಸಿನಲ್ಲಿ ಮರಕಾನಾ ಕ್ರೀಡಾಂಗಣವನ್ನು ಕಾಣುವ ಅವಕಾಶವನ್ನು ಕಚೇರಿಯೊಂದರ ತೀರ್ಮಾನ ಕಿತ್ತುಕೊಂಡಿತು.

ಮರುವರ್ಷ ಅದಕ್ಕೊಂದು ಸಮಾಧಾನ ದೊರಕಿತು. 1951ರ ಮಾರ್ಚಿಯಲ್ಲಿ ದಿಲ್ಲಿಯಲ್ಲಿ ನಡೆದ ಮೊದಲ ಏಷ್ಯನ್ ಕ್ರೀಡಾಕೂಟದಲ್ಲಿ ಸೈಯದ್ ಅಬ್ದುಲ್ ರಹೀಮ್ ಅವರ ಶಿಕ್ಷಣದಲ್ಲಿ ಪಳಗಿದ ಭಾರತ ತಂಡ ಇಂಡೋನೇಷ್ಯಾ, ಆಫ್ಘಾನಿಸ್ಥಾನಗಳನ್ನು ದಾಟಿ, ಕೊನೆಯ ಪಂದ್ಯದಲ್ಲಿ ಮೇವಾಲಾಲರ ಒಂದು ಗೋಲಿನಿಂದ ಇರಾನನ್ನು ಸೋಲಿಸಿ ಚಿನ್ನದ ಪದಕ ಗೆದ್ದಿತು. ಆ ತಂಡದಲ್ಲಿ ಅಹಮದರಿದ್ದರು.

ಹೆಲ್ಸಿಂಕಿ

ಏಷ್ಯದ ಚಿನ್ನವನ್ನು ಕೊರಳಿನಲ್ಲಿಟ್ಟುಕೊಂಡು ಹೋದ ತಂಡಕ್ಕೆ 1952ರ ಜುಲೈ 15ರಂದು ಎದುರಾದದ್ದು ಯುಗೊಸ್ಲಾವಿಯ.

ಆ ದೇಶ ಇಂದು ಭೂಪಟದಲ್ಲಿಲ್ಲ. ಒಡೆದು ಸರ್ಬಿಯ, ಕ್ರೊಯೇಷಿಯ ಮೊದಲಾದ ರಾಜ್ಯಗಳಾಗಿದೆ. ಆದರೆ ಅಂದು ಅದರ ಕಾಲ್ಚೆಂಡಿನ ತಂಡ ಯುರೋಪಿನ ಅತ್ಯುತ್ತಮ ತಂಡಗಳಲ್ಲೊಂದು. ಲಂಡನ್ನಿನಲ್ಲಿ ಬೆಳ್ಳಿ ಗೆದ್ದು ಬಂದಿದ್ದಿತು. ಒಲಿಂಪಿಕ್ಸ್ ಹವ್ಯಾಸಿಗಳಿಗೆ ಮಾತ್ರವೆಂಬ ನಿಯಮವಿದ್ದರೂ, ಪಶ್ಚಿಮದ ದೇಶಗಳು ತಮ್ಮ ವೃತ್ತಿಗಾರರನ್ನು ಮನೆಯಲ್ಲಿ ಬಿಟ್ಟು ಬರಬೇಕಾಗಿದ್ದಿತೇ ಹೊರತು, ಸಮತಾವಾದಿ ದೇಶಗಳಿಗೆ ಆ ತೊಡಕಿರಲಿಲ್ಲ. ಅಲ್ಲಿ ಕಾಗದದ ಮೇಲೆ ಎಲ್ಲರೂ ಹವ್ಯಾಸಿಗಳೇ. ಆದ್ದರಿಂದ ಹೆಲ್ಸಿಂಕಿಗೆ ಬಂದದ್ದು ಅವರ ಪೂರ್ಣಬಲದ ತಂಡ. ಬೆಲ್‌ಗ್ರೇಡಿನ ರಾಯ್ಕೊ ಮಿಟಿಚ್ ಅದರ ಮುಂಪಡೆಯ ಮಿದುಳು. 1945ರಿಂದ 1958ರವರೆಗೆ ಒಂದೇ ಕ್ಲಬ್ಬಿಗೆ ಆಡಿದ ಈತನ ಹೆಸರನ್ನು ಆ ‘ಕೆಂಪು ನಕ್ಷತ್ರ’ ಕ್ಲಬ್ಬಿನ ಕ್ರೀಡಾಂಗಣಕ್ಕೇ 2014ರಲ್ಲಿ ಇಡಲಾಯಿತು. ಬ್ರಾಂಕೊ ಜೆಬೆಟ್ಸ್, ಬರ್ನಾರ್ಡ್ ವುಕಾಸ್, ಒಗ್ನ್ಯಾನೊವ್ ಅವನ ಜೊತೆಗಾರರು. ಗೋಲಿನಲ್ಲಿ ವ್ಲಾದಿಮಿರ್ ಬೆಯಾರಾ. ಇದೇ ಬೆಯಾರಾ ಎರಡೂವರೆ ವಾರಗಳ ಬಳಿಕ ಅಂತಿಮ ಪಂದ್ಯದಲ್ಲಿ ಹಂಗೆರಿಯ ಜಗದ್ವಿಖ್ಯಾತ ಪುಷ್ಕಾಶನ ಪೆನಾಲ್ಟಿಯನ್ನು ತಡೆದವನು.

ಭಾರತದ ಆಟಗಾರರಲ್ಲಿ ಹಲವರು ಅಂದೂ ಬರಿಗಾಲು. ಉತ್ತರದ ಆ ಚಳಿಗೆ, ಆ ನೆಲದ ಹುಲ್ಲಿಗೆ ಅವರ ಕಾಲುಗಳು ಒಗ್ಗಲಿಲ್ಲ. ಎದುರಿನವರ ಬೂಟುಗಳ ನಡುವೆ ಕಾಲಿಡಲು ಯಾರಿಗಾದರೂ ಅಳುಕಾಗುವುದು ಸಹಜ. ಮೊದಲ ಅರ್ಧದಲ್ಲಿಯೇ ಐದು ಗೋಲುಗಳಾದವು. ಎರಡನೆಯ ಅರ್ಧದಲ್ಲಿ ಮತ್ತೆ ಐದು. ಜೆಬೆಟ್ಸ್ ಒಬ್ಬನೇ ನಾಲ್ಕು. ಮಿಟಿಚ್, ವುಕಾಸ್, ಒಗ್ನ್ಯಾನೊವ್ ತಲಾ ಎರಡು. ಕಪ್ತಾನ ಶೈಲೇನ್ ಮನ್ನಾ ಅವರಂಥ ವೀರ ಕಾವಲುಗಾರನಿದ್ದೂ ಈ ಗತಿ.

ಹತ್ತು ಗೋಲು ತಿಂದ ತಂಡದ ಮುಂಪಡೆಯವನ ಸ್ಥಿತಿಯನ್ನು ಊಹಿಸಿಕೊಳ್ಳಬೇಕು. ಚೆಂಡು ಅವನ ಬಳಿಗೆ ಬರುವುದೇ ಅಪರೂಪ. ಬಂದರೂ ಆಟದ ಫಲಿತಾಂಶ ಬದಲಾಗುವುದಿಲ್ಲ. ಪ್ರತಿ ಗೋಲಿನ ಬಳಿಕ ನಡುಗೆರೆಗೆ ಬಂದು ಚೆಂಡನ್ನು ಮತ್ತೆ ಆರಂಭಿಸುವುದಷ್ಟೇ ಅವನ ಪಾಲಿನ ಕೆಲಸ. ಆ ಕೆಲಸವನ್ನು ಅಂದು ಭಾರತದ ಮುಂಪಡೆಯವರು ಹತ್ತು ಸಲ ಮಾಡಿದರು. ಕಾಲೆಳೆದುಕೊಂಡು ಸೀಟಿಗಾಗಿ ಕಾಯುವುದೇ ಅಂಥ ಹೊತ್ತಿನಲ್ಲಿ ಮನುಷ್ಯ ಸ್ವಭಾವ. ಅಹಮದ್ ಖಾನ್ ಕಾಯಲಿಲ್ಲ. 89ನೆಯ ನಿಮಿಷದಲ್ಲಿ ಅವರು ಬೆಯಾರಾನನ್ನು ದಾಟಿಸಿ ಚೆಂಡನ್ನು ಬಲೆಗೆ ಕಳುಹಿಸಿದರು. ನಾಲ್ಕು ವರ್ಷಗಳ ಹಿಂದೆ ಲಂಡನ್ನಿನಲ್ಲಿ ಭಾರತದ ಕೈಯಿಂದ ಪಂದ್ಯವನ್ನು ಕಿತ್ತುಕೊಂಡದ್ದೂ ಅದೇ 89ನೆಯ ನಿಮಿಷವೇ.

ಐದೇ ದಿನಗಳ ಮೇಲೆ ಇದೇ ಯುಗೊಸ್ಲಾವಿಯ ತಂಡ ಸೋವಿಯತ್ ಒಕ್ಕೂಟದೊಡನೆ 5-5ರ ಸಮ ಆಟವಾಡಿ, ಮರುಪಂದ್ಯದಲ್ಲಿ ಗೆದ್ದಿತು. ಟೀಟೋ ಮತ್ತು ಸ್ಟಾಲಿನ್ನರ ನಡುವಿನ ವೈಮನಸ್ಯದ ಕಾಲವದು. ಆ ಸೋಲಿನ ಸಿಟ್ಟಿಗೆ ಮಾಸ್ಕೋದಲ್ಲಿ ಸೇನೆಯ ಕ್ಲಬ್ಬನ್ನೇ ವಿಸರ್ಜಿಸಿದರು. ಭಾರತದ ತಂಡ ಎಂಥವರ ಎದುರು ನಿಂತಿದ್ದಿತೆಂಬುದನ್ನು ತಿಳಿಯಲು ಇಷ್ಟು ಸಾಕು. ನಾಚಿಕೆಯ ಮಾತನ್ನಾಡುವವರು ಈ ಲೆಕ್ಕವನ್ನು ಬಿಟ್ಟುಬಿಡುತ್ತಾರೆ.

ಹೆಲ್ಸಿಂಕಿಯ ಅನುಭವದ ನಂತರ ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ ಬೂಟನ್ನು ಕಡ್ಡಾಯಗೊಳಿಸಿತು. ಬರಿಗಾಲಿನಲ್ಲಿ ವಿದ್ಯೆ ಕಲಿತ ಎಷ್ಟೋ ಜನ ಆಟಗಾರರಿಗೆ ಅದು ಬಲಗೈಯಲ್ಲಿ ಬರೆಯುತ್ತಿದ್ದವನಿಗೆ ಇನ್ನು ಎಡಗೈಯಲ್ಲಿ ಬರೆ ಎಂದಂತಾಯಿತು. ಅಹಮದರಿಗೆ ಆಗ ಇಪ್ಪತ್ತೈದು ವರ್ಷ ತುಂಬಿದ್ದಿತು. ಕಲಿತದ್ದನ್ನು ಮರೆತು ಮತ್ತೆ ಕಲಿಯುವ ವಯಸ್ಸಲ್ಲ. ಆದರೂ ಅವರು ಮುಂದೆ ಏಳು ವರ್ಷ ಈಸ್ಟ್ ಬೆಂಗಾಲಿನಲ್ಲಿಯೇ ಆಡಿದರು. 1953ರಲ್ಲಿ ಆ ಕ್ಲಬ್ಬು ಯುವಜನ ಮೇಳಕ್ಕೆಂದು ರುಮೇನಿಯದ ಬುಕಾರೆಸ್ಟಿಗೆ ಹೋಗಿ, ಅಲ್ಲಿಂದ ಸೋವಿಯತ್ ದೇಶಕ್ಕೂ ಹೋಗಿ, ಮಾಸ್ಕೋದ ಟಾರ್ಪಿಡೊ ತಂಡದೊಡನೆ 3-3ರ ಸಮ ಆಟವಾಡಿತು.

ಇನ್ನೊಬ್ಬ ಸಂಚಾರಿ

ಯುಗೊಸ್ಲಾವಿಯದೊಡನೆ ಭಾರತದ ಲೆಕ್ಕ ಹೆಲ್ಸಿಂಕಿಗೆ ಮುಗಿಯಲಿಲ್ಲ. 1956ರ ಡಿಸೆಂಬರ್ 4ರಂದು ಮೆಲ್ಬೋರ್ನಿನ ಒಲಿಂಪಿಕ್ಸಿನಲ್ಲಿ, ಅದೂ ಉಪಾಂತ್ಯ ಪಂದ್ಯದಲ್ಲಿ, ಇವೆರಡೂ ಮತ್ತೆ ಎದುರಾದವು. ಅಹಮದರು ಈ ತಂಡದಲ್ಲಿರಲಿಲ್ಲ; ಆದರೆ ಬೆಂಗಳೂರಿನ ಪ್ರತಿನಿಧಿಯಾಗಿ ಕೆಂಪಯ್ಯ ಇದ್ದರು. ಈಗ ಎಲ್ಲರ ಕಾಲಿನಲ್ಲಿಯೂ ಬೂಟು. ಮೊದಲು ಗೋಲು ಹೊಡೆದದ್ದು ಭಾರತ, ನೆವಿಲ್ ಡಿ’ಸೋಜಾರ ಕಾಲಿನಿಂದ. ಕೆಲವು ನಿಮಿಷಗಳ ಮಟ್ಟಿಗೆ ಭಾರತ ಒಲಿಂಪಿಕ್ಸಿನ ಅಂತಿಮ ಪಂದ್ಯದ ಹೊಸ್ತಿಲಲ್ಲಿ ನಿಂತಿದ್ದಿತು. ಬಳಿಕ ಯುಗೊಸ್ಲಾವಿಯ ನಾಲ್ಕು ಗೋಲುಗಳಿಂದ ಗೆದ್ದಿತು. ನಾಲ್ಕು ವರ್ಷಗಳಲ್ಲಿ ಹತ್ತು-ಒಂದು ನಾಲ್ಕು-ಒಂದಾಯಿತು.

ಅಂದು ಗೋಲು ಹೊಡೆದವರಲ್ಲೊಬ್ಬ ಸರ್ಬಿಯದ ನೋವಿಸಾಡ್ ಪಟ್ಟಣದ ತೊದೊರ್ ವೆಸೆಲಿನೋವಿಚ್. ಆ ಒಲಿಂಪಿಕ್ಸಿನಲ್ಲಿ ಅತಿ ಹೆಚ್ಚು, ಅಂದರೆ ನಾಲ್ಕು, ಗೋಲು ಹೊಡೆದ ಮೂವರಲ್ಲಿ ಅವನೊಬ್ಬ, ನಮ್ಮ ಡಿ’ಸೋಜಾ ಇನ್ನೊಬ್ಬರು. ತನ್ನ ದೇಶದ ಲೀಗಿನಲ್ಲಿ ನಾಲ್ಕು ಬಾರಿ ಗೋಲುಗಳ ಅಗ್ರಸ್ಥಾನ ಪಡೆದ ಈತ 1961ರಲ್ಲಿ, ಮೂವತ್ತು ದಾಟಿದ ಮೇಲೆ, ದೇಶ ಬಿಟ್ಟು ಇಟಲಿಯ ಸಾಂಪ್ಡೋರಿಯ ಕ್ಲಬ್ಬಿಗೆ ಹೋದನು. ಅಲ್ಲಿಂದ ಆಸ್ಟ್ರಿಯ, ಅಲ್ಲಿಂದ ಬೆಲ್ಜಿಯಂ, ಕೊನೆಗೆ ಸಮುದ್ರ ದಾಟಿ ದಕ್ಷಿಣ ಅಮೆರಿಕದ ಕೊಲಂಬಿಯ. ಆಟ ನಿಲ್ಲಿಸಿದ ಮೇಲೂ ಸಂಚಾರ ನಿಲ್ಲಲಿಲ್ಲ. ಶಿಕ್ಷಕನಾಗಿ ಅನೇಕ ದೇಶಗಳನ್ನು ಸುತ್ತಿ, ತುರ್ಕಿಯ ಫೆನರ್‌ಬಾಹ್ಚೆ ತಂಡಕ್ಕೆ ಎರಡು ಲೀಗ್ ಪ್ರಶಸ್ತಿಗಳನ್ನು ತಂದುಕೊಟ್ಟನು. 1984ರ ಯುರೋಪಿಯನ್ ಪಂದ್ಯಾವಳಿಗೆ ತನ್ನ ದೇಶದ ತಂಡವನ್ನೇ ಕರೆದೊಯ್ದನು. ಹೋದೆಡೆಯೆಲ್ಲ ಅವನ ಕಾಲಿಗೆ ಒಂದು ಬೆಲೆಯಿದ್ದಿತು, ಆ ಬೆಲೆಯನ್ನು ಕಾಗದದ ಮೇಲೆ ಬರೆದು ರುಜು ಹಾಕುವವರಿದ್ದರು.

ಅಹಮದ್ ಖಾನ್ ಅವನಿಗಿಂತ ನಾಲ್ಕು ವರ್ಷ ಹಿರಿಯರು. ಅವರ ಪ್ರಯಾಣವೂ ಕಡಿಮೆಯದಲ್ಲ: ಬೆಂಗಳೂರು, ಮುಂಬಯಿ, ಕಲ್ಕತ್ತೆ, ಲಂಡನ್, ಆಂಸ್ಟರ್‌ಡಾಮ್, ಹೆಲ್ಸಿಂಕಿ. ಆದರೆ ಅವರ ಕಾಲದ ಭಾರತದಲ್ಲಿ ಆಟ ವೃತ್ತಿಯಾಗಿರಲಿಲ್ಲ. ಹೊರದೇಶಕ್ಕೆ ಹೋದದ್ದೆಲ್ಲ ತಂಡದೊಡನೆ, ಹೋದ ಹಡಗು-ವಿಮಾನದಲ್ಲಿಯೇ ಮರಳಿ ಬಂದದ್ದು. ಆಯಾಕ್ಸನ್ನು ಸೋಲಿಸಿದ ಕಾಲುಗಳಿಗೆ ಆಯಾಕ್ಸಿನಲ್ಲಿ ಆಡುವ ದಾರಿಯನ್ನು ತೋರಿಸುವವರು ಯಾರೂ ಇರಲಿಲ್ಲ. ಅಂಥ ದಾರಿಯೊಂದಿದೆಯೆಂಬ ಕಲ್ಪನೆಯೇ ಇರಲಿಲ್ಲ. ಭಾರತ ಸರಕಾರ ಆಟಗಾರರಿಗೆಂದು ಅರ್ಜುನ ಪ್ರಶಸ್ತಿಯನ್ನು ಆರಂಭಿಸಿದ್ದು 1961ರಲ್ಲಿ. ಅಹಮದರು ಈಸ್ಟ್ ಬೆಂಗಾಲಿನ ಅಂಗಿಯನ್ನು ಕಳಚಿ ಆಗಲೇ ಎರಡು ವರ್ಷಗಳಾಗಿದ್ದವು.

ಮುಂದೆ ಅವರು ಹುಟ್ಟೂರಿನಲ್ಲಿಯೇ ನೆಲೆಸಿ, ದೀರ್ಘಕಾಲ ಬಾಳಿದರು. ಮೈಸೂರು ತಂಡ 1967-68 ಮತ್ತು 1968-69ರಲ್ಲಿ ಸಂತೋಷ್ ಟ್ರೋಫಿಯನ್ನು ಸತತವಾಗಿ ಗೆದ್ದುದನ್ನು ಕಂಡರು. ಆ ಬಳಿಕ ಕರ್ನಾಟಕಕ್ಕೆ ಬಂದ ಬಹು ದೀರ್ಘವಾದ ಬರಗಾಲವನ್ನೂ ಕಂಡರು. ಅದು ಮುಗಿದು, 2023ರ ಮಾರ್ಚಿಯಲ್ಲಿ ರಿಯಾದಿನಲ್ಲಿ ಮೇಘಾಲಯವನ್ನು ಸೋಲಿಸಿ ಟ್ರೋಫಿ ಮನೆಗೆ ಬಂದಾಗ ಅವರಿರಲಿಲ್ಲ. 2013ರಲ್ಲಿ ಹುಟ್ಟಿದ ಬೆಂಗಳೂರು ಎಫ್.ಸಿ. ಎಂಬ ವೃತ್ತಿ ಕ್ಲಬ್ಬು ಮೂರೇ ವರ್ಷಗಳಲ್ಲಿ ಏಷ್ಯದ ಕ್ಲಬ್ಬುಗಳ ಕಪ್ಪಿನ ಅಂತಿಮ ಪಂದ್ಯಕ್ಕೆ ಏರಿದುದು ಮಾತ್ರ ಅವರ ಕಾಲದಲ್ಲಿಯೇ. ಒಂದು ಕಾಲಕ್ಕೆ ಆಟಗಾರರನ್ನು ಹೊರಗೆ ಕಳುಹಿಸುತ್ತಿದ್ದ ಊರಿಗೆ ಈಗ ಮಣಿಪುರದಿಂದ, ಮಿಜೋರಾಮಿನಿಂದ, ಸ್ಪೇನಿನಿಂದ ಆಟಗಾರರು ಸಂಬಳದ ಕರಾರಿಗೆ ರುಜು ಹಾಕಿ ಬರುತ್ತಿದ್ದಾರೆ.

ವೆಸೆಲಿನೋವಿಚ್ 2017ರ ಮೇ 17ರಂದು ತನ್ನ ನೋವಿಸಾಡಿನಲ್ಲಿ ತೀರಿಕೊಂಡನು. ಅದೇ ವರ್ಷದ ಆಗಸ್ಟ್ 23ರ ರಾತ್ರಿ ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ದೀಪಗಳ ಬೆಳಕಿನಲ್ಲಿ ಬೆಂಗಳೂರು ತಂಡ ಉತ್ತರ ಕೊರಿಯದ ಕ್ಲಬ್ಬೊಂದನ್ನು 3-0ರಿಂದ ಸೋಲಿಸಿತು. ಅದಾಗಿ ನಾಲ್ಕನೆಯ ದಿನ, ಆಗಸ್ಟ್ 27ರಂದು, ತೊಂಬತ್ತು ವರ್ಷದ ಅಹಮದ್ ಖಾನ್ ಅದೇ ಊರಿನಲ್ಲಿ ಕಣ್ಣು ಮುಚ್ಚಿದರು. ಮರುದಿನ ಕಲ್ಕತ್ತೆಯ ಪತ್ರಿಕೆಗಳಲ್ಲಿ ಆ ಸುದ್ದಿಯೊಡನೆ ಬಂದ ಹೆಸರು, ಪಂಚಪಾಂಡವರಲ್ಲಿ ಒಬ್ಬನದು.